ನಾಯಿ ಅಡ್ಡಾಡಿಸುವಾಗ ಕೈಯಲ್ಲಿ ನೀರಿನ ಬಾಟಲಿ ಇರಲಿ

ನಿಮ್ಮ ನಾಯಿ ಅಕ್ಕಪಕ್ಕದವರ ಹುಲ್ಲುಹಾಸಿನ ಮೇಲೆ ಮೂತ್ರ ಮಾಡಿದರೆ, ಅಲ್ಲಿಂದ ಕದಲುವ ಮೊದಲೇ ಆ ಜಾಗಕ್ಕೆ ಒಂದು ಬಾಟಲಿ ನೀರು ಸುರಿಯಿರಿ. ಮೂತ್ರದ ಮೂರು ಪಟ್ಟಿಗಿಂತ ಕಡಿಮೆಯಾಗದಷ್ಟು. ಹುಲ್ಲನ್ನು ಸುಡುವುದು ಮೂತ್ರದಲ್ಲಿರುವ ಲವಣಗಳು ಮತ್ತು ಯೂರಿಯಾದ ಸಾರಜನಕ. ಒಂದೇ ಕಡೆ ಹೆಚ್ಚು ಬಿದ್ದಾಗ ಅವು ವಿಷ, ತೆಳುವಾದರೆ ಗೊಬ್ಬರ. ಹಳದಿ ಕಲೆಯ ಸುತ್ತ ಹುಲ್ಲು ದಟ್ಟ ಹಸಿರಾಗಿ ಬೆಳೆದಿರುವುದನ್ನು ನೋಡಿದರೆ ಇದು ಅರ್ಥವಾಗುತ್ತದೆ. ಕೂತು ಮೂತ್ರ ಮಾಡುವ ಹೆಣ್ಣು ನಾಯಿಗಳದ್ದು ಒಂದೇ ಜಾಗದಲ್ಲಿ ಬೀಳುವುದರಿಂದ ಕಲೆ ಹೆಚ್ಚು ಎದ್ದು ಕಾಣುತ್ತದೆ, ಅಷ್ಟೇ. ಅವುಗಳ ಮೂತ್ರ ಹೆಚ್ಚು ಆಮ್ಲೀಯ ಎಂಬ ಮಾತು ಸರಿಯಲ್ಲ. ಹಾಗಾಗಿ ಆಮ್ಲ ತಗ್ಗಿಸಲೆಂದು ಅಡುಗೆ ಸೋಡಾ ಎರಚಬೇಡಿ, ಅದೂ ಲವಣವೇ. ಮೂತ್ರ ಬದಲಾಯಿಸುತ್ತದೆ ಎಂದು ಮಾರುವ ಮಾತ್ರೆಗಳನ್ನು ಪಶುವೈದ್ಯರನ್ನು ಕೇಳದೆ ಖಂಡಿತ ಕೊಡಬೇಡಿ. ಈ ಉಪಾಯ ನಡೆಯದ ಸಂದರ್ಭಗಳೂ ಇವೆ: ನೀರು ಸುರಿಯುವುದು ತಡವಾದಷ್ಟೂ ಪ್ರಯೋಜನ ಕಡಿಮೆ, ಹುಲ್ಲು ಆಗಲೇ ಕಂದಿದ್ದರೆ ನೀರಿನಿಂದ ಅದು ಸರಿಹೋಗದು. ಬೇಸಿಗೆಯಲ್ಲಿ ಒಣಗಿದ, ಈಗಾಗಲೇ ಗೊಬ್ಬರ ಹೆಚ್ಚಾಗಿರುವ ಹುಲ್ಲು ಬೇಗ ಸುಡುತ್ತದೆ. ನಾಯಿ ದಿನವೂ ಅದೇ ಮೂಲೆಗೆ ಹೋಗುತ್ತಿದ್ದರೂ ಕಲೆ ಉಳಿಯುತ್ತದೆ. ಆಗ ದಾರಿಯನ್ನೇ ಬದಲಿಸಿ, ಇಲ್ಲವೇ ಹೊರಡುವ ಮೊದಲು ನಿಮ್ಮ ಅಂಗಳದಲ್ಲೇ ಮೂತ್ರ ಮಾಡಿಸಿ. ಮಲಕ್ಕೆ ನೀರು ಪರಿಹಾರವಲ್ಲ, ಅದನ್ನು ಚೀಲದಲ್ಲಿ ಎತ್ತಿಕೊಂಡೇ ಹೋಗಬೇಕು. ಇನ್ನು, ನಾಯಿ ತಮ್ಮ ಅಂಗಳಕ್ಕೆ ಕಾಲಿಡುವುದೇ ಬೇಡ ಎಂದು ಮನೆಯವರು ಹೇಳಿದ್ದರೆ, ಬಾಟಲಿ ಇದೆ ಎಂಬ ಧೈರ್ಯದಲ್ಲಿ ಅತ್ತ ಬಿಡಬೇಡಿ.