ಆರು ಫೋನು, ಒಂದು ಕೆರೆ, ಒಂದು ಸಾಕ್ಷ್ಯಚಿತ್ರ

ಇಪ್ಪತ್ತೈದು ನಿಮಿಷದ ಸಾಕ್ಷ್ಯಚಿತ್ರಕ್ಕೆ ಹದಿನೆಂಟು ಗಂಟೆ ಚಿತ್ರೀಕರಣ ಆಗಿರುತ್ತದೆ. ಉಳಿದದ್ದು ಯಾರದೋ ಹಾರ್ಡ್ ಡಿಸ್ಕ್‌ನಲ್ಲಿ ಬಿದ್ದಿರುತ್ತದೆ, ಡಿಸ್ಕ್ ಕೈಕೊಟ್ಟ ದಿನ ಅದೂ ಹೋಗುತ್ತದೆ. ಹಲವರು ಕೂಡಿ ಮಾಡುವ ಮುಕ್ತ ಸಾಕ್ಷ್ಯಚಿತ್ರದ ಲೆಕ್ಕಾಚಾರ ಇದಕ್ಕೆ ತಿರುವುಮುರುವು. ಇಲ್ಲಿ ಕಚ್ಚಾ ಚಿತ್ರಣವೇ ಆಸ್ತಿ, ಚಿತ್ರ ಅದರಿಂದ ಹುಟ್ಟುವ ಒಂದು ಬೆಳೆ. 2008ರಲ್ಲಿ ಶುರುವಾದ ‘ಪ್ಯಾಡ್ ಡಾಟ್ ಎಂಎ’ ಇಂಥ ಆನ್‌ಲೈನ್ ಸಂಗ್ರಹ. ಮುಂಬೈಯ ಕಲಾವಿದರ ತಂಡ ‘ಕ್ಯಾಂಪ್’, ಬೆಂಗಳೂರಿನ ಆಲ್ಟರ್ನೇಟಿವ್ ಲಾ ಫೋರಂ ಮೊದಲಾದ ಗುಂಪುಗಳು ಸೇರಿ ಕಟ್ಟಿದ್ದು. ಅಲ್ಲಿರುವುದು ಬಹುಪಾಲು ಎಡಿಟ್ ಆಗದ ದೃಶ್ಯಗಳೇ. ಯಾವ ಸೆಕೆಂಡಿನಲ್ಲಿ ಯಾರು ಏನಂದರು ಎಂಬ ಬರಹ ಜೊತೆಗಿರುವುದರಿಂದ ಅವು ಬೇರೆಯವರ ಕೆಲಸಕ್ಕೂ ಬರುತ್ತವೆ.

ನಿಮ್ಮ ತಾಲ್ಲೂಕಿನ ಒಂದು ಕೆರೆಯನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ: ಹೂಳು, ಒತ್ತುವರಿ, ನೀರಿನ ಹಂಚಿಕೆ. ಆರು ಜನ, ಆರು ಫೋನು, ತಲಾ ಮೂರು ಗಂಟೆ ಚಿತ್ರೀಕರಣ.

ಮೊದಲು ಕಾಗದ, ಆಮೇಲೆ ಕ್ಯಾಮೆರಾ

ಭಾರತದ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಚಲನಚಿತ್ರದ ಕರ್ತೃ ಎಂದರೆ ನಿರ್ಮಾಪಕ. ಆರು ಜನ ತಂತಮ್ಮ ಫೋನಿನಲ್ಲಿ ಹಿಡಿದರೆ ನಿರ್ಮಾಪಕ ಯಾರು? ಇದಕ್ಕೆ ಬರಹದಲ್ಲಿ ಉತ್ತರ ಇಲ್ಲದಿದ್ದರೆ ಗುಂಪು ಒಡೆದ ದಿನ ಚಿತ್ರವೂ ನಿಲ್ಲುತ್ತದೆ. ಒಂದೇ ಪುಟದ ಒಪ್ಪಂದ ಸಾಕು. ಪ್ರತಿಯೊಬ್ಬರೂ ತಾವು ಹಿಡಿದ ಎಲ್ಲ ದೃಶ್ಯಗಳನ್ನು ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್ಎ 4.0 ಪರವಾನಗಿಯಲ್ಲಿ ಕೊಡಲು ಒಪ್ಪಿ ಸಹಿ ಹಾಕಲಿ. ಯಾರು ಬೇಕಾದರೂ ಬಳಸಬಹುದು, ಆದರೆ ಮೂಲದವರ ಹೆಸರು ಹೇಳಬೇಕು, ಬದಲಿಸಿ ಮಾಡಿದ್ದನ್ನೂ ಇದೇ ಷರತ್ತಿನಲ್ಲಿ ಹಂಚಬೇಕು ಎಂಬುದು ಅದರ ತಾತ್ಪರ್ಯ.

ಒಬ್ಬರು ‘ವಾಣಿಜ್ಯ ಬಳಕೆ ಬೇಡ’ ಎಂಬ ಎನ್‌ಸಿ ಷರತ್ತು ಸೇರಿಸಿದರೂ ಆ ಕ್ಲಿಪ್ಪನ್ನು ಬಿವೈ-ಎಸ್ಎ ಚಿತ್ರದೊಳಗೆ ಹಾಕಲು ಬರುವುದಿಲ್ಲ. ವಿಕಿಪೀಡಿಯಕ್ಕೆ ಚಿತ್ರ, ವಿಡಿಯೊ ಒದಗಿಸುವ ವಿಕಿಮೀಡಿಯ ಕಾಮನ್ಸ್ ಕೂಡ ಅದನ್ನು ತೆಗೆದುಕೊಳ್ಳುವುದಿಲ್ಲ. ಎನ್‌ಸಿ ಬೇಕೇಬೇಕು ಅನ್ನುವ ಗುಂಪು ಎಲ್ಲ ದೃಶ್ಯಕ್ಕೂ ಅದನ್ನೇ ಹಾಕಿ, ಕಾಮನ್ಸ್ ಬಿಟ್ಟು ಇಂಟರ್ನೆಟ್ ಆರ್ಕೈವ್‌ಗೆ ಹೋಗಬೇಕು. ಇನ್ನೊಂದು ಮಾತು: ಈ ಪರವಾನಗಿಗಳನ್ನು ಒಮ್ಮೆ ಕೊಟ್ಟರೆ ಹಿಂದಕ್ಕೆ ಪಡೆಯಲಾಗದು. ಸಹಿಗೆ ಮುಂಚೆ ಇದನ್ನು ಗಟ್ಟಿಯಾಗಿ ಓದಿ ಹೇಳಿ.

ಮಾತಾಡುವವರ ಒಪ್ಪಿಗೆ ಬೇರೆಯದು. ಕಚ್ಚಾ ಚಿತ್ರಣವೂ ಹೊರಬೀಳುವುದರಿಂದ ‘ಸರಿ, ತಗೊಳ್ಳಿ’ ಎಂಬ ಒಂದು ಮಾತು ಸಾಲದು. ಮೂರು ಹಂತದಲ್ಲಿ ಕೇಳಿ: ಅ) ಪೂರ್ತಿ ಸಂದರ್ಶನ ಎಲ್ಲರಿಗೂ ಸಿಗಬಹುದು. ಆ) ಎಡಿಟ್ ಆದ ಚಿತ್ರದಲ್ಲಿ ಮಾತ್ರ ಬರಬಹುದು. ಇ) ಮಾತು ಮಾತ್ರ, ಮುಖ ಹೆಸರು ಬೇಡ. ಉತ್ತರವನ್ನು ಕ್ಯಾಮೆರಾ ಮುಂದೆಯೇ ಹೇಳಿಸಿ. ‘ಇ’ ಆರಿಸಿದವರ ಮುಖವನ್ನು ಹಿಡಿಯಲೇಬೇಡಿ, ಒಪ್ಪಿಗೆಯ ಮಾತನ್ನೂ ಧ್ವನಿಯಲ್ಲಷ್ಟೇ ದಾಖಲಿಸಿ. ಆಮೇಲೆ ಮಸುಕು ಮಾಡಿದರಾಯಿತು ಅಂದುಕೊಂಡರೆ ಮೂಲ ಕಡತ ಆರು ಜನರ ಕೈಯಲ್ಲಿ ಓಡಾಡುತ್ತಿರುತ್ತದೆ. ಮಕ್ಕಳಿದ್ದರೆ ಹೆತ್ತವರ ಒಪ್ಪಿಗೆ.

ಅರ್ಜಿಯನ್ನು ಈಗಲೇ ಹಾಕಿ

ಮಾತಿಗೆ ದಾಖಲೆ ಜೊತೆಯಿಲ್ಲದಿದ್ದರೆ ಪತ್ರಿಕೋದ್ಯಮ ಆಗುವುದಿಲ್ಲ. ಮಾಹಿತಿ ಹಕ್ಕು ಅರ್ಜಿಗೆ ಉತ್ತರ ಕೊಡಲು 30 ದಿನಗಳ ಅವಕಾಶ ಇರುವುದರಿಂದ ಚಿತ್ರೀಕರಣದ ನಂತರ ಹಾಕಿದರೆ ಎಡಿಟ್ ಕಾಯುತ್ತ ಕೂರಬೇಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು, ಶುಲ್ಕ 10 ರೂಪಾಯಿ. ಹೂಳೆತ್ತಿದ ಖರ್ಚು, ಕೆರೆಯ ಸರ್ವೆ ನಕ್ಷೆ, ಒತ್ತುವರಿ ತೆರವಿನ ಆದೇಶ ಎಲ್ಲವನ್ನೂ ಒಂದರಲ್ಲಿ ತುರುಕಿದರೆ ಆ ಕಾರಣಕ್ಕೇ ಅರ್ಜಿ ವಾಪಸ್ ಬರಬಹುದು. ಆರು ಜನ ಇರುವುದರ ಅನುಕೂಲ ಇಲ್ಲಿ ಸಿಗುತ್ತದೆ: ಒಬ್ಬೊಬ್ಬರು ಒಂದೊಂದು ವಿಷಯ ಹಂಚಿಕೊಳ್ಳಿ.

ಜಾಗದಲ್ಲಿ ನಿಂತು ಸರ್ವೆ ನಂಬರ್ ನೋಡಲು ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ಇದೆ. ಆದರೆ ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ಆಗುತ್ತದೆ. ಎಲ್ಲಿ ಹುಡುಕಬೇಕು ಎಂಬುದಕ್ಕೆ ಅದು ಸಾಕು, ‘ಇಲ್ಲಿಯವರೆಗೆ ಕೆರೆ’ ಎನ್ನುವುದಕ್ಕೆ ಸಾಲದು.

ಆರೂ ಫೋನು ಒಂದೇ ತಾಳಕ್ಕೆ

ಎಲ್ಲರೂ 1080ಪಿ, ಸೆಕೆಂಡಿಗೆ 25 ಫ್ರೇಮ್, ಷಟರ್ (ಪ್ರತಿ ಫ್ರೇಮ್‌ಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡ್ ಇಟ್ಟುಕೊಳ್ಳಿ. ನಮ್ಮ ಕರೆಂಟು 50 ಹರ್ಟ್ಸ್‌ನದು. ಷಟರ್ 1/60 ಇದ್ದರೆ ಪಂಚಾಯಿತಿ ಕಚೇರಿಯ ಟ್ಯೂಬ್‌ಲೈಟ್ ಕೆಳಗೆ ಚಿತ್ರದಲ್ಲಿ ಪಟ್ಟೆಗಳು ಉರುಳುತ್ತವೆ, ಆಮೇಲೆ ಅದನ್ನು ಅಳಿಸುವುದು ಹೆಚ್ಚೂಕಡಿಮೆ ಅಸಾಧ್ಯ. ಫೋನಿನ ಜೊತೆ ಬಂದ ಕ್ಯಾಮೆರಾ ಇದನ್ನು ಬದಲಿಸಲು ಬಿಡದಿದ್ದರೆ ಓಪನ್ ಕ್ಯಾಮೆರಾ ಎಂಬ ಮುಕ್ತ ಆ್ಯಪ್ ಹಾಕಿ ಅದರ ಸೆಟ್ಟಿಂಗ್ಸ್‌ನಲ್ಲಿ ‘ಕ್ಯಾಮೆರಾ2 ಎಪಿಐ’ ಆರಿಸಿ. ಎಲ್ಲ ಫೋನೂ ಒಪ್ಪುವುದಿಲ್ಲ. ಕೆಲವು 30 ಫ್ರೇಮ್ ಬಿಟ್ಟು ಕದಲದಿದ್ದರೆ ಆರೂ ಜನ 30ಕ್ಕೇ ಬನ್ನಿ, ಷಟರ್ ಮಾತ್ರ 1/50 ಅಥವಾ 1/100.

ಧ್ವನಿಗೆ ತಂತಿಯ ಕಾಲರ್ ಮೈಕ್ ಸಾಕು, ಗಲ್ಲದಿಂದ ಒಂದು ಗೇಣು ಕೆಳಗೆ. ಮಟ್ಟ –12 ಡೆಸಿಬೆಲ್ ಆಸುಪಾಸು ತಾಗಲಿ, ಸೊನ್ನೆ ಮುಟ್ಟಿದರೆ ಒಡೆದ ಸದ್ದು ಸರಿಹೋಗದು. ಕೆರೆ ಏರಿಯ ಮೇಲೆ ಗಾಳಿ ಜೋರು: ಮೈಕಿನ ಸ್ಪಂಜು ತಡೆಯದು, ತುಪ್ಪಳದ ಮುಸುಕು ಬೇಕು. ಅದಿಲ್ಲದಿದ್ದರೆ ಮಾತಾಡುವವರ ಬೆನ್ನು ಗಾಳಿಗೆ ಇರಲಿ. ಪ್ರತಿ ಜಾಗದಲ್ಲೂ 30 ಸೆಕೆಂಡ್ ಯಾರೂ ಮಾತಾಡದೆ ಸುಮ್ಮನೆ ದಾಖಲಿಸಿ. ಎಡಿಟ್‌ನಲ್ಲಿ ಮಾತು ಕತ್ತರಿಸಿದ ಕಡೆ ತುಂಬಲು ಅದೇ ಬೇಕಾಗುತ್ತದೆ.

ಚಹಾದಂಗಡಿಯಲ್ಲಿ ಸಿನಿಮಾ ಹಾಡು ಹಾಕಿದ್ದರೆ ವಿನಂತಿಸಿ ನಿಲ್ಲಿಸಿ. ಹಾಡು ನಿಮ್ಮದಲ್ಲ, ಅದನ್ನು ಮುಕ್ತ ಪರವಾನಗಿಯಲ್ಲಿ ಕೊಡುವ ಹಕ್ಕೂ ನಿಮಗಿಲ್ಲ. ಯೂಟ್ಯೂಬಿನ ಯಂತ್ರ ಅದನ್ನು ಕ್ಷಣದಲ್ಲಿ ಹಿಡಿಯುತ್ತದೆ.

ಇಳಿಸುವಾಗ ಆಗುವ ಅನಾಹುತ

ಫೋನಿನ ವಿಡಿಯೊ ಸೆಕೆಂಡಿಗೆ 17 ಮೆಗಾಬಿಟ್‌ನಂತೆ ದಾಖಲಾದರೆ ಗಂಟೆಗೆ ಸುಮಾರು 7.6 ಜಿಬಿ, ಹದಿನೆಂಟು ಗಂಟೆಗೆ 137 ಜಿಬಿ. ಎರಡು ಹಾರ್ಡ್ ಡಿಸ್ಕ್ ಬೇಕು, ಎರಡೂ ಬೇರೆ ಬೇರೆ ಮನೆಯಲ್ಲಿ ಇರಬೇಕು. ಪೆನ್‌ಡ್ರೈವ್ ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟ್‌ನಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಕಡತ ಹೋಗುವುದೇ ಇಲ್ಲ, ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಆಗಿ ಕಳಿಸಿದರೆ ಅದು ಹಿಂಡಿ ಹಿಪ್ಪೆಯಾಗಿ ತಲುಪುತ್ತದೆ, ಮೂಲ ದಿನಾಂಕವೂ ಹೋಗುತ್ತದೆ.

ಕಡತದ ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ ಮಾತ್ರ. ಕ್ರಮ: ವರ್ಷ-ತಿಂಗಳು-ದಿನ, ಜಾಗ, ಹಿಡಿದವರ ಎರಡಕ್ಷರದ ಸಂಕೇತ, ಕ್ಲಿಪ್ ಸಂಖ್ಯೆ. ವರ್ಷ ಮೊದಲಿಗಿದ್ದರೆ ಕಡತಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಹೆಸರಿಟ್ಟ ಕೂಡಲೇ ಪ್ರತಿ ಕಡತದ ಶಾ-256 ಮೊತ್ತ ತೆಗೆದು ಪಟ್ಟಿಯಲ್ಲಿ ಬರೆಯಿರಿ. ವಿಂಡೋಸ್‌ನ ‘ಸರ್ಟ್‌ಯುಟಿಲ್’, ಲಿನಕ್ಸ್‌ನ ‘ಶಾ256ಸಮ್’ ಆದೇಶ ಸಾಕು. ಇದು ಕಡತದ ಬೆರಳಚ್ಚು. ಒಂದು ಫ್ರೇಮ್ ಮುಟ್ಟಿದರೂ ಬದಲಾಗುತ್ತದೆ. ನಾಳೆ ಯಾರಾದರೂ ‘ತಿರುಚಿದ ವಿಡಿಯೊ’ ಎಂದರೆ ತೋರಿಸಲು ಇದೊಂದು ಆಧಾರ.

ಲಾಗ್ ಬರೆಯುವುದು

ಯಾವ ನಿಮಿಷದಲ್ಲಿ ಏನಿದೆ ಎಂದು ಬರೆದಿಡುವ ಪಟ್ಟಿಯೇ ಲಾಗ್. ಬೇಸರದ ಕೆಲಸ. ಇದನ್ನು ಬಿಟ್ಟ ಗುಂಪಿನ ಮುಕ್ತ ಸಂಗ್ರಹ ಬೀಗ ಹಾಕಿದ ಉಗ್ರಾಣವಿದ್ದಂತೆ. ಒಂದು ಗಂಟೆ ಚಿತ್ರಣಕ್ಕೆ ಮೂರು ಗಂಟೆ ಹಿಡಿದೀತು. ಹಂಚಿಕೊಂಡರೆ ತಲಾ ಒಂಬತ್ತು ಗಂಟೆ. ಹಿಡಿದವರೇ ಬರೆಯಬಾರದು. ಅವರಿಗೆ ನೆನಪಿನಲ್ಲಿ ಇರುವುದೆಲ್ಲ ಕ್ಲಿಪ್ಪಿನಲ್ಲೂ ಇದೆ ಅನ್ನಿಸಿಬಿಡುತ್ತದೆ. ಮಾದರಿ ಹೀಗಿದೆ:

00:00–00:41 ಏರಿಯ ಮೇಲಿಂದ ತೂಬಿನ ಕಡೆ. ಮಾತಿಲ್ಲ, ಗಾಳಿ.
00:41–02:10 ನೀರುಗಂಟಿ: ‘ಎರಡು ತೂಬದವೆ. ಮೇಲಿಂದು ಮುಚ್ಚೋಯ್ತು, ಕೆಳಗಿಂದು ಒಂದೇ ನಡೀತದೆ.’
02:10–02:26 ಲಾರಿ. ಮಾತು ಕೇಳಿಸದು.
02:26–03:50 ಕೋಡಿ ಕಡೆ ಕೈ ತೋರಿಸಿ: ‘ಆ ಸೈಟ್ ಮಾಡವ್ರಲ್ಲ, ಅಲ್ಲೀಗಂಟ ನೀರು ನಿಲ್ಲೋದು.’ ಪರಿಶೀಲಿಸಬೇಕು: ಸರ್ವೆ ನಕ್ಷೆ. ಒಪ್ಪಿಗೆ: ಅ.

ಆಡುಮಾತನ್ನು ಗ್ರಂಥಭಾಷೆಗೆ ತಿದ್ದಬೇಡಿ. ‘ಅಲ್ಲೀಗಂಟ’ವನ್ನು ‘ಅಲ್ಲಿಯವರೆಗೆ’ ಮಾಡಿದರೆ ಹುಡುಕುವವರಿಗೆ ಅವರ ಮಾತು ಸಿಗುವುದಿಲ್ಲ. ವಿಸ್ಪರ್‌ನಂಥ ಮುಕ್ತ ತಂತ್ರಾಂಶ ಮಾತನ್ನು ಬರಹಕ್ಕಿಳಿಸುತ್ತದಾದರೂ ಕನ್ನಡದಲ್ಲಿ ತಪ್ಪು ಹೆಚ್ಚು, ಹಳ್ಳಿಯ ಮಾತಿನಲ್ಲಿ ಇನ್ನೂ ಹೆಚ್ಚು. ಮೊದಲ ಕರಡಿಗೆ ಬಳಸಿ, ಸಾಲುಸಾಲು ಕೇಳಿ ತಿದ್ದಿ. ಬರಹ ಯೂನಿಕೋಡ್‌ನಲ್ಲೇ ಇರಬೇಕು. ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಹೊಡೆದದ್ದು ಸಬ್‌ಟೈಟಲ್‌ಗೆ ಹೋದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ.

ಎಡಿಟ್

ಫೋನುಗಳು ಬೆಳಕು ಕಡಿಮೆಯಾದಾಗ ಫ್ರೇಮ್ ವೇಗವನ್ನು ತಾವೇ ಏರಿಳಿಸುತ್ತವೆ. ಇಪ್ಪತ್ತು ನಿಮಿಷದ ಸಂದರ್ಶನದ ಕೊನೆಯಲ್ಲಿ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗುವುದು ಇದರಿಂದಲೇ. ಮೂಲವನ್ನು ಮುಟ್ಟದೆ, ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಪರಿವರ್ತಕ ತಂತ್ರಾಂಶದಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ (ಒಂದೇ ವೇಗ) ಆರಿಸಿ ಎಡಿಟ್ ಪ್ರತಿ ಮಾಡಿಕೊಳ್ಳಿ. ಜೊತೆಗೆ 640×360ರ ಸಣ್ಣ ಪ್ರತಿಯನ್ನೂ ತೆಗೆಯಿರಿ. ಸೆಕೆಂಡಿಗೆ 1 ಮೆಗಾಬಿಟ್‌ನಂತೆ ಹದಿನೆಂಟು ಗಂಟೆ ಸುಮಾರು 8 ಜಿಬಿ, 16 ಜಿಬಿ ಪೆನ್‌ಡ್ರೈವ್‌ನಲ್ಲಿ ಎಲ್ಲರ ಮನೆಗೂ ಹೋಗುತ್ತದೆ.

ಮೊದಲ ಎಡಿಟ್ ಸ್ಪ್ರೆಡ್‌ಶೀಟ್‌ನಲ್ಲೇ ಆಗಲಿ: ಕಡತ, ಶುರು, ಕೊನೆ, ಯಾಕೆ. ತಂತ್ರಾಂಶ ಬಾರದವರೂ ಆಗ ಚರ್ಚೆಗೆ ಬರುತ್ತಾರೆ, ‘ಯಾಕೆ’ ಎಂಬ ಕಲಮಿನಲ್ಲೇ ಅರ್ಧ ಜಗಳ ತೀರುತ್ತದೆ. ಆಮೇಲೆ ಕೆಡೆನ್‌ಲೈವ್ ಎಂಬ ಮುಕ್ತ ಎಡಿಟಿಂಗ್ ತಂತ್ರಾಂಶ. ಎಲ್ಲರೂ ಒಂದೇ ಆವೃತ್ತಿ ಹಾಕಿಕೊಳ್ಳಿ, ಹೊಸದರಲ್ಲಿ ಉಳಿಸಿದ ಪ್ರಾಜೆಕ್ಟ್ ಹಳೆಯದರಲ್ಲಿ ಸರಿಯಾಗಿ ತೆರೆಯದು. ಫೋಲ್ಡರ್‌ಗಳ ಜೋಡಣೆಯೂ ಎಲ್ಲ ಕಂಪ್ಯೂಟರಿನಲ್ಲಿ ಒಂದೇ ಥರ ಇರಬೇಕು, ಇಲ್ಲದಿದ್ದರೆ ತೆರೆದಾಕ್ಷಣ ‘ಕ್ಲಿಪ್ ಕಾಣೆಯಾಗಿದೆ’ ಎಂಬ ಪಟ್ಟಿ. ಒಂದೇ ಪ್ರಾಜೆಕ್ಟ್ ಕಡತವನ್ನು ಇಬ್ಬರು ಒಟ್ಟಿಗೆ ತೆರೆಯಬೇಡಿ, ಕೊನೆಗೆ ಉಳಿಸಿದವರದ್ದು ಇನ್ನೊಬ್ಬರ ಕೆಲಸವನ್ನು ಅಳಿಸುತ್ತದೆ. ಚಿತ್ರವನ್ನು ಮೂರು ಭಾಗ ಮಾಡಿ ಒಂದೊಂದನ್ನು ಒಬ್ಬೊಬ್ಬರಿಗೆ ಒಪ್ಪಿಸುವುದು ವಾಸಿ.

ಕೆರೆಯ ಜಮೀನಿನಲ್ಲಿ ಮನೆ ಕಟ್ಟಿದ್ದಾರೆ ಎಂದು ಚಿತ್ರ ಹೇಳುವುದಾದರೆ ಅವರ ಉತ್ತರವೂ ಚಿತ್ರದಲ್ಲಿರಬೇಕು. ಪ್ರಶ್ನೆ ಕೇಳಿದ ದಿನಾಂಕವನ್ನು ಲಾಗ್‌ನಲ್ಲಿ ಬರೆದಿಡಿ.

ಬಿಡುಗಡೆ

‘ಅ’ ಒಪ್ಪಿಗೆಯ ಕ್ಲಿಪ್‌ಗಳು, ಲಾಗ್, ಸಬ್‌ಟೈಟಲ್, ಮಾಹಿತಿ ಹಕ್ಕಿನಡಿ ಸಿಕ್ಕ ಕಾಗದ, ಪ್ರಾಜೆಕ್ಟ್ ಕಡತ ಎಲ್ಲವೂ ಚಿತ್ರದ ಜೊತೆ ಹೊರಬರಲಿ. ಕಾಗದದಲ್ಲಿ ಖಾಸಗಿಯವರ ಫೋನ್ ನಂಬರ್, ವಿಳಾಸ ಇದ್ದರೆ ಮೊದಲು ಅಳಿಸಿ. ಕ್ಲಿಪ್ಪಿನೊಳಗೆ ಅಡಗಿರುವ ಜಿಪಿಎಸ್ ಗುರುತನ್ನು ಎಕ್ಸಿಫ್‌ಟೂಲ್ ಎಂಬ ತಂತ್ರಾಂಶದಿಂದ ತೆಗೆಯಿರಿ. ಮನೆಯಂಗಳದಲ್ಲಿ ಮಾತಾಡಿದವರ ಮನೆ ಅದರಲ್ಲಿ ನಿಖರವಾಗಿ ಇರುತ್ತದೆ. ಹೀಗೆ ತೆಗೆದಾಗ ಬೆರಳಚ್ಚೂ ಬದಲಾಗುವುದರಿಂದ ಪಟ್ಟಿಯಲ್ಲಿ ಎರಡನ್ನೂ ಬರೆಯಿರಿ. ವಿಕಿಮೀಡಿಯ ಕಾಮನ್ಸ್ ಎಂಪಿ4 ತೆಗೆದುಕೊಳ್ಳುವುದಿಲ್ಲ, ವೆಬ್‌ಎಂ ಎಂಬ ಮುಕ್ತ ವಿಡಿಯೊ ರೂಪ ಬೇಕು.

ಚಿತ್ರದ ಹೆಸರಿನ ಪಕ್ಕ 1.0 ಎಂದು ಹಾಕಿ. ಸರ್ವೆ ನಂಬರ್ ತಪ್ಪಿದ್ದು ಗೊತ್ತಾದರೆ ಹಳೆಯದನ್ನು ಸದ್ದಿಲ್ಲದೆ ತೆಗೆಯದೆ 1.1 ಹೊರತನ್ನಿ. ಯಾವ ನಿಮಿಷದಲ್ಲಿ ಏನು ಬದಲಾಯಿತು, ಯಾರು ಎತ್ತಿ ತೋರಿಸಿದರು ಎಂಬುದು ‘ತಿದ್ದುಪಡಿ’ ಎಂಬ ಕಡತದಲ್ಲಿ ಒಂದು ಸಾಲು.