ವಸಡಿನಲ್ಲಿ ರಕ್ತ ಬಂದರೆ ಬ್ರಷ್ ನಿಲ್ಲಿಸಬೇಡಿ

ಬೆಳಿಗ್ಗೆ ಬ್ರಷ್ ಮಾಡಿ ಉಗುಳಿದಾಗ ನೊರೆ ಕೆಂಪಗಿರುತ್ತದೆ. ಆಗ ಹೆಚ್ಚಿನವರು ಆ ಜಾಗವನ್ನೊಂದು ಬಿಟ್ಟು ಉಳಿದದ್ದನ್ನು ಉಜ್ಜುತ್ತಾರೆ. ‘ಗಾಯ ಆಗಿದೆ, ಎರಡು ದಿನ ಮುಟ್ಟೋದು ಬೇಡ’ ಅಂತ. ಕಾಯಿಲೆ ಬೆಳೆಯುವುದೇ ಹೀಗೆ. ಅಲ್ಲಿ ಪಾಚಿ, ಅಂದರೆ ಹಲ್ಲಿಗೆ ಅಂಟುವ ಬ್ಯಾಕ್ಟೀರಿಯಾಗಳ ಪದರ, ಕೂತಿರುವುದರಿಂದಲೇ ವಸಡು ಊದಿ ರಕ್ತ ಒಸರುತ್ತದೆ. ಅಲ್ಲೇ ಇನ್ನಷ್ಟು ಗಮನ ಕೊಟ್ಟು, ಮೆತ್ತಗೆ ಕ್ಲೀನ್ ಮಾಡಬೇಕು.

ಇದು ಸುಮ್ನೆ ಹೇಳುವ ಮಾತಲ್ಲ. 1965ರಲ್ಲಿ ದಂತ ಸಂಶೋಧಕ ಹರಾಲ್ಡ್ ಲೋ ಮತ್ತು ಜೊತೆಗಾರರು ಡೆನ್ಮಾರ್ಕ್‌ನಲ್ಲಿ ಆರೋಗ್ಯವಂತರಾದ 12 ಮಂದಿಗೆ ಹಲ್ಲುಜ್ಜುವುದನ್ನೇ ನಿಲ್ಲಿಸಲು ಹೇಳಿದರು. ಎರಡು ಮೂರು ವಾರದೊಳಗೆ ಎಲ್ಲರ ವಸಡೂ ಊದಿಕೊಂಡಿತು. ಮತ್ತೆ ಉಜ್ಜಲು ಶುರುಮಾಡಿದ ಸುಮಾರು ಒಂದು ವಾರದಲ್ಲಿ ಮೊದಲಿನಂತಾಯಿತು. ಅಂದರೆ ಮೊದಲ ಹಂತದಲ್ಲಿ ಈ ಕಾಯಿಲೆ ಪೂರ್ತಿ ವಾಸಿಯಾಗುತ್ತದೆ. ಬಿಟ್ಟರೆ ಮಾತ್ರ ಅದು ಹಲ್ಲು ಹಿಡಿದಿರುವ ಮೂಳೆಗೇ ಇಳಿಯಬಹುದು.

ಕನ್ನಡಿ ಮುಂದೆ ನಿಲ್ಲಿ

ತುಟಿ ಎತ್ತಿ ನೋಡಿ. ಎರಡು ಹಲ್ಲುಗಳ ನಡುವಿನ ವಸಡು ಚೂಪಾಗಿ, ಬಿಗಿಯಾಗಿ ಇರಬೇಕು. ದಪ್ಪಗೆ ಊದಿ, ಕೆಂಪಗೆ ಮಿರಿಮಿರಿ ಮಿಂಚುತ್ತಿದ್ದರೆ ಅಲ್ಲೇನೋ ಆಗಿದೆ. ನಮ್ಮಲ್ಲಿ ಅನೇಕರಿಗೆ ವಸಡು ಹುಟ್ಟಿನಿಂದಲೇ ಕಂದು ಅಥವಾ ಕಪ್ಪು. ಅದು ಮೈಬಣ್ಣ ಇದ್ದ ಹಾಗೆ, ರೋಗವಲ್ಲ. ಆಮೇಲೆ ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಗೆ ನಾಲಿಗೆ ಆಡಿಸಿ. ಒರಟಾಗಿ ಏನೋ ತಾಗಿದರೆ ಅದು ಗಾರೆ. ಪಾಚಿ ಎಂಜಲಿನ ಸುಣ್ಣದಂಶ ಹೀರಿ ಗಟ್ಟಿಯಾದದ್ದು. ಎಂಜಲು ಬರುವ ನಾಳಗಳು ಅಲ್ಲೇ ತೆರೆದುಕೊಳ್ಳುವುದರಿಂದ ಅಲ್ಲಿ ಬೇಗ ಕಟ್ಟುತ್ತದೆ.

ನೋವಿಲ್ಲ ಅಂತ ಸಮಾಧಾನ ಪಡಬೇಡಿ. ಹಲ್ಲು ಅಲ್ಲಾಡುವವರೆಗೂ ನೋಯದಿರುವುದು ಈ ಕಾಯಿಲೆಯ ಕೆಟ್ಟ ಗುಣ. ಬೀಡಿ, ಸಿಗರೇಟು ಸೇದುವವರಿಗೆ ರಕ್ತವೂ ಹೆಚ್ಚು ಬರುವುದಿಲ್ಲ. ಹೊಗೆ ಆ ಎಚ್ಚರಿಕೆಯನ್ನೇ ಮುಚ್ಚಿಹಾಕುತ್ತದೆ.

ಬ್ರಷ್ ಹಿಡಿಯುವ ರೀತಿ

ಸಾಫ್ಟ್ ಬ್ರಷ್ ಕೊಳ್ಳಿ. ಎಳೆಗಳು ಅರ್ಧ ಹಲ್ಲಿನ ಮೇಲೆ, ಅರ್ಧ ವಸಡಿನ ಅಂಚಿನ ಮೇಲೆ ಬರುವಂತೆ 45 ಡಿಗ್ರಿ ಓರೆಯಾಗಿ ಹಿಡಿಯಿರಿ. ಗರಗಸ ಎಳೆದಂತೆ ಉದ್ದಕ್ಕೆ ಎಳೆಯಬೇಡಿ. ಇದ್ದಲ್ಲೇ ಸಣ್ಣಗೆ ಅಲ್ಲಾಡಿಸಿ, ಎರಡು ಮೂರು ಹಲ್ಲು ಮುಗಿದ ಮೇಲೆ ಮುಂದಕ್ಕೆ ಹೋಗಿ. ಮುಂದಿನ ಹಲ್ಲುಗಳ ಹಿಂಬದಿಗೆ ಬ್ರಷ್ ನೆಟ್ಟಗೆ ನಿಲ್ಲಿಸಿ ಉಜ್ಜಿ. ಒಟ್ಟು ಎರಡು ನಿಮಿಷ, ದಿನಕ್ಕೆ ಎರಡು ಸಲ. ಒಂದು ಸಲ ತಪ್ಪಿಸಲೇಬೇಕಾದರೆ ಬೆಳಗಿನದ್ದು ತಪ್ಪಿಸಿ, ರಾತ್ರಿಯದ್ದು ಬೇಡ.

ಹಲ್ಲಿನ ಸಂದಿಗೆ ಬ್ರಷ್ ಹೋಗುವುದಿಲ್ಲ. ಅದಕ್ಕೆ ಫ್ಲಾಸ್ ದಾರ, ಸಂದಿ ದೊಡ್ಡದಿದ್ದರೆ ಪುಟ್ಟ ಇಂಟರ್‌ಡೆಂಟಲ್ ಬ್ರಷ್. ಮೊದಲ ವಾರ ರಕ್ತ ಬಂದೀತು, ಬರಲಿ. ಪಿನ್ನು, ಬೆಂಕಿಕಡ್ಡಿ ಹಾಕಿ ಕೆದಕಬೇಡಿ. ಇದ್ದಿಲು, ಇಟ್ಟಿಗೆ ಪುಡಿ ಹಾಕಿ ತಿಕ್ಕಿದರೆ ಹಲ್ಲು ಸವೆಯುತ್ತದೆ, ಪಾಚಿ ಸಂದಿಯಲ್ಲೇ ಇರುತ್ತದೆ. ಬಿಸಿ ಉಪ್ಪುನೀರು ಮುಕ್ಕಳಿಸಿದರೆ ಹಾಯೆನಿಸುತ್ತದೆ, ಆದರೆ ಗಾರೆ ಕರಗುವುದಿಲ್ಲ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಅನ್ನು ಡಾಕ್ಟರ್ ಹೇಳಿದಷ್ಟು ದಿನ ಮಾತ್ರ ಬಳಸಿ. ಜಾಸ್ತಿ ದಿನ ಬಳಸಿದರೆ ಹಲ್ಲಿಗೆ ಕಂದು ಕಲೆ ಕೂರುತ್ತದೆ.

ಎರಡು ವಾರ ಕಳೆದೂ ರಕ್ತ ನಿಲ್ಲದಿದ್ದರೆ

ದಂತವೈದ್ಯರ ಹತ್ತಿರ ಹೋಗಿ. ಗಾರೆ ಆಗಲೇ ಕಾಣಿಸಿದ್ದರೆ ಎರಡು ವಾರ ಕಾಯಬೇಕಾಗಿಲ್ಲ, ಅದು ಬ್ರಷ್‌ಗೆ ಬಗ್ಗುವುದಿಲ್ಲ. ವೈದ್ಯರು ಮಿಲಿಮೀಟರ್ ಗುರುತಿರುವ ತೆಳು ಕಡ್ಡಿಯನ್ನು ಹಲ್ಲು–ವಸಡಿನ ನಡುವೆ ಇಳಿಸಿ ಆಳ ನೋಡುತ್ತಾರೆ. 3 ಮಿ.ಮೀ.ವರೆಗೆ ಸರಿ. 4 ಅಥವಾ ಜಾಸ್ತಿ ಇದ್ದು ರಕ್ತವೂ ಬಂದರೆ ಹೆಚ್ಚಿನ ಚಿಕಿತ್ಸೆ ಬೇಕಾಗಬಹುದು. ಮೂಳೆ ಎಷ್ಟು ಕರಗಿದೆ ಅಂತ ಎಕ್ಸ್‌ರೇ ಹೇಳುತ್ತದೆ. ಆಳದ ಅಂಕಿಗಳನ್ನು ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಹೋಲಿಸಿ ನೋಡಲು ಬೇಕಾಗುತ್ತದೆ.

ಮೊದಲ ಚಿಕಿತ್ಸೆ ಸ್ಕೇಲಿಂಗ್, ಅಂದರೆ ಗಾರೆ ತೆಗೆಯುವುದು. ಕಂಪಿಸುವ ತುದಿ, ನೀರಿನ ಚಿಮ್ಮು, ಒಂದಿಷ್ಟು ಕರಕರ ಸದ್ದು, ಅಷ್ಟೆ. ‘ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತೆ’ ಎಂಬ ಮಾತು ಮನೆಮನೆಯಲ್ಲೂ ಇದೆ, ಅಲ್ವಾ? ಗಾರೆ ತುಂಬಿದ್ದ ಜಾಗ ಖಾಲಿಯಾದಾಗ ಸಂದಿ ಕಾಣಿಸುತ್ತದೆ, ಕೆಲವು ದಿನ ಜುಮ್ಮೆನ್ನುತ್ತದೆ. ಮೊದಲೇ ಮೂಳೆ ಸವೆದ ಹಲ್ಲು ಅಷ್ಟು ದಿನ ಗಾರೆಯ ಆಸರೆಯಲ್ಲಿತ್ತು, ಈಗ ಗೊತ್ತಾಯಿತು. ಸಡಿಲ ಮಾಡಿದ್ದು ಕಾಯಿಲೆ, ಡಾಕ್ಟರಲ್ಲ.

ಆಳ ಜಾಸ್ತಿ ಇದ್ದರೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಬೇರಿನವರೆಗೂ ಸ್ವಚ್ಛ ಮಾಡುತ್ತಾರೆ. ಒಂದೆರಡು ತಿಂಗಳು ಬಿಟ್ಟು ಮತ್ತೆ ಅಳೆಯುತ್ತಾರೆ. ಆಳ ಉಳಿದ ಕಡೆ ವಸಡು ಬಿಡಿಸಿ ಮಾಡುವ ಫ್ಲಾಪ್ ಸರ್ಜರಿ ಬೇಕಾಗಬಹುದು. ಕರಗಿದ ಮೂಳೆ ಸಾಮಾನ್ಯವಾಗಿ ಹಿಂದಿರುಗದು, ಉಳಿದದ್ದನ್ನು ಉಳಿಸಿಕೊಳ್ಳುವುದೇ ಗುರಿ. ಅದಕ್ಕೆ ಮೂರು ನಾಲ್ಕು ತಿಂಗಳಿಗೊಮ್ಮೆ ಹೋಗಬೇಕು. ಬರೀ ಆ್ಯಂಟಿಬಯೋಟಿಕ್ ನುಂಗಿದರೆ ಗಾರೆ ಎಲ್ಲೂ ಹೋಗದು. ಖರ್ಚಿನ ಚಿಂತೆ ಇದ್ದರೆ ಹತ್ತಿರದ ಡೆಂಟಲ್ ಕಾಲೇಜಿಗೆ ಹೋಗಿ. ವಿದ್ಯಾರ್ಥಿಗಳು ಮಾಡುವುದರಿಂದ ತಡವಾಗಬಹುದು, ಆದರೆ ಪಕ್ಕದಲ್ಲಿ ಪ್ರಾಧ್ಯಾಪಕರಿರುತ್ತಾರೆ.

ಮುಚ್ಚಿಡದೆ ಹೇಳಬೇಕಾದ್ದು

ಶುಗರ್ ಇದ್ದರೆ ಮೊದಲೇ ಹೇಳಿ. ಶುಗರ್ ಏರಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಶುಗರ್ ಹಿಡಿತಕ್ಕೆ ಸಿಗುವುದು ಕಷ್ಟ. ಬಿ.ಪಿ.ಗೆ ಕೊಡುವ ಅಮ್ಲೋಡಿಪಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಕೆಲವರಲ್ಲಿ ವಸಡು ಬೆಳೆಸುತ್ತವೆ. ರಕ್ತ ತೆಳು ಮಾಡುವ ಮಾತ್ರೆಯ ಹೆಸರನ್ನೂ ತಿಳಿಸಿ. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ. ಬಸುರಿಯರಿಗೆ ವಸಡು ಊದುವುದು ಸಾಮಾನ್ಯ, ಸ್ಕೇಲಿಂಗ್ ಮಾಡಿಸಿಕೊಳ್ಳಬಹುದು.

ಮುಖ ಊದಿ ಜ್ವರ ಬಂದರೆ ಅದೇ ದಿನ ತೋರಿಸಿ. ವಸಡಿನಲ್ಲಿ ರಕ್ತ ಬರುವುದರ ಜೊತೆಗೆ ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆಗಳಾದರೆ ರಕ್ತ ಪರೀಕ್ಷೆಯೂ ಬೇಕು. ತಂಬಾಕು, ಗುಟ್ಕಾ ಜಗಿಯುವವರ ಬಾಯಲ್ಲಿ ಎರಡು ವಾರವಾದರೂ ಮಾಯದ ಹುಣ್ಣು ಅಥವಾ ಬಿಳಿ ಮಚ್ಚೆ ಇದ್ದರೆ ವಸಡಿನ ಕಾಯಿಲೆ ಅಂದುಕೊಂಡು ಕೂರಬೇಡಿ; ಅದನ್ನು ಕ್ಯಾನ್ಸರ್ ಇರಬಹುದೇ ಅಂತಲೇ ಪರೀಕ್ಷಿಸಬೇಕು.