ನೆರಳಿಗೆ ಟ್ರೇಲರ್, ಬಿಸಿಲಿಗೆ ಪ್ಲೇಟ್

ಕಬ್ಬಿನ ಹಂಗಾಮು ಮುಗಿದರೆ ನಮ್ಮ ಮುಧೋಳ, ಜಮಖಂಡಿ ಕಡೆ ಟ್ರೇಲರ್‌ಗಳು ಖಾಲಿ ನಿಲ್ಲುತ್ತವೆ. ಅದೇ ಹೊತ್ತಿಗೆ ಯುಗಾದಿ ಹತ್ತಿರ ಬರುತ್ತದೆ, ಮಲ್ಲಯ್ಯನ ದರ್ಶನಕ್ಕೆ ಶ್ರೀಶೈಲದ ಪಾದಯಾತ್ರೆ ಹೊರಡುತ್ತದೆ. ನಡೆಯುವವರ ಜೊತೆಗೆ ರೊಟ್ಟಿ ಗಂಟು, ಗ್ಯಾಸ್ ಸಿಲಿಂಡರ್, ಹಾಸಿಗೆ ಹೊತ್ತ ಗಾಡಿಯೊಂದು ಇರಲೇಬೇಕು. ನಮ್ಮ ತಂಡದ ಟ್ರೇಲರಿಗೆ ಕಬ್ಬಿಣದ ಕಮಾನು ಬಡಿದು ತಾಡಪತ್ರಿ ಹೊದಿಸಿದ್ದೇವೆ. ಊರಲ್ಲಿ ಮೋಟಾರ್ ವೈಂಡಿಂಗ್, ಮನೆ ವೈರಿಂಗ್ ಮಾಡಿಕೊಂಡಿರುವ ನನ್ನ ಪಾಲಿಗೆ ಅದಕ್ಕೆ ಸೋಲಾರ್ ಪ್ಲೇಟ್ (ಪ್ಯಾನೆಲ್) ಜೋಡಿಸುವ ಕೆಲಸ ಬಂತು.

ಕರೆಂಟ್ ಯಾವುದಕ್ಕೆ ಬೇಕು ಎಂದು ಕೇಳಿದರೆ ಎಲ್ಲರೂ ಹೇಳಿದ್ದು ಲೈಟು ಮತ್ತು ಭಜನೆಯ ಮೈಕು. ಲೆಕ್ಕ ಹಾಕಿದರೆ ಇವೆರಡೂ ಏನೂ ಅಲ್ಲ. 9 ವ್ಯಾಟಿನ ನಾಲ್ಕು ಎಲ್‌ಇಡಿ ಐದು ತಾಸು ಉರಿದರೂ 180 ವ್ಯಾಟ್-ಅವರ್, ಮೈಕಿಗೆ ಅದರ ಅರ್ಧವೂ ಬೇಡ. ತಿನ್ನುವುದು ಮೊಬೈಲು. ಈಗಿನ 5000 ಎಂಎಎಚ್ ಫೋನಿನ ಹೊಟ್ಟೆಗೆ ಸುಮಾರು 19 ವ್ಯಾಟ್-ಅವರ್ ಹಿಡಿಯುತ್ತದೆ. ನಲವತ್ತು ಫೋನು ಬರಿದಾಗಿ ಬಂದರೆ, ನಡುವೆ ಸೋರುವುದನ್ನೂ ಸೇರಿಸಿ, ಹತ್ತಿರ ಹತ್ತಿರ ಒಂದು ಯುನಿಟ್, ಅಂದರೆ 1000 ವ್ಯಾಟ್-ಅವರ್. 12 ವೋಲ್ಟಿನ 150 ಎಎಚ್ ಟ್ಯೂಬುಲರ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಎಂದಿಟ್ಟುಕೊಂಡರೆ ಅದರಿಂದ ತೆಗೆಯಬಹುದಾದದ್ದೇ 900 ವ್ಯಾಟ್-ಅವರ್. ಎಲ್ಲರ ಫೋನನ್ನೂ ರಾತ್ರಿ ಚಾರ್ಜಿಗೆ ಹಾಕಿದರೆ ಬೆಳಗಿನ ಚಹಾ ಹೊತ್ತಿಗೆ ಲೈಟಿಗೂ ಗತಿ ಇರುವುದಿಲ್ಲ.

ಆದರೆ ಪಾದಯಾತ್ರಿಗಳ ದಿನಚರಿಯೇ ಇದಕ್ಕೆ ದಾರಿ ತೋರಿಸಿತು. ಬಿಸಿಲಿಗೆ ಹೆದರಿ ಅವರು ನಸುಕಿನಲ್ಲಿ ಮತ್ತು ಇಳಿಹೊತ್ತಿನಲ್ಲಿ ನಡೆಯುತ್ತಾರೆ; ಹನ್ನೊಂದರಿಂದ ನಾಲ್ಕರವರೆಗೆ ಮಲಗಿರುತ್ತಾರೆ. ಸೂರ್ಯ ನೆತ್ತಿಯ ಮೇಲಿರುವ ಅದೇ ಹೊತ್ತಿನಲ್ಲಿ ಫೋನಿಗೆ ಹಾಕಿದರೆ ಪ್ಲೇಟಿನ ಕರೆಂಟು ಬ್ಯಾಟರಿಯೊಳಗೆ ಹೋಗಿ ಹೊರಬರುವ ಸುತ್ತೇ ತಪ್ಪುತ್ತದೆ. ಗೊಬ್ಬರದ ಚೀಲ ಬಿಚ್ಚಿ ಸಾಲಾಗಿ ಕಿಸೆ ಹೊಲಿಸಿ, ಪ್ರತಿ ಕಿಸೆಗೂ ಬಣ್ಣದಲ್ಲಿ ನಂಬರ್ ಬರೆದು ಟ್ರೇಲರಿನ ಒಳಗೋಡೆಗೆ ತೂಗುಹಾಕಿದ್ದೇನೆ. ಪ್ರತಿ ಕಿಸೆಗೆ ಒಂದು ಯುಎಸ್‌ಬಿ ವೈರು, ಎಲ್ಲವೂ (ಫೋನಿಗೆ ಬೇಕಾದ 5 ವೋಲ್ಟಿಗೆ ಇಳಿಸಿ) ನೇರ 12 ವೋಲ್ಟಿನಿಂದ. ಇನ್ವರ್ಟರ್ ಇಟ್ಟಿಲ್ಲ, ಏನೂ ಹಚ್ಚದೆ ಸುಮ್ಮನೆ ಆನ್ ಇದ್ದರೂ ಅದು ತನ್ನ ಪಾಲು ತಿನ್ನುತ್ತಲೇ ಇರುತ್ತದೆ.

ಜಗಳ ಎದ್ದದ್ದು ನೆರಳಿಗೆ. ಅಡುಗೆಯವರಿಗೆ ಬೇವಿನ ಮರದ ಕೆಳಗೇ ಗಾಡಿ ನಿಲ್ಲಬೇಕು. ಅಡುಗೆ ಕಾಕಾ ಮುಖಕ್ಕೆ ಹೊಡೆದಂತೆ ಕೇಳಿದರು: "ನಿನ್ನ ಪ್ಲೇಟಿಗೆ ಬಿಸಿಲ ಬೇಕಂತ ನಮ್ಮನ್ನ ಬಿಸಿಲಾಗ ಕುಂದರಸ್ತಿ ಏನೋ ತಮ್ಮಾ?" ಅವರ ಮಾತೇ ಸರಿ. ಆದರೆ ಒಂದು ಕೊಂಬೆಯ ನೆರಳು ಪ್ಲೇಟಿನ ಮೂಲೆಗೆ ಬಿದ್ದರೂ ಸರಣಿಯಲ್ಲಿರುವ ಸೆಲ್‌ಗಳು ಒಂದಕ್ಕೊಂದು ಕಾಲುಕಟ್ಟುತ್ತವೆ, ಮೂರರಲ್ಲೊಂದು ಪಾಲು ಒಮ್ಮೆಗೇ ಕೈಬಿಡಬಹುದು. ಹಾಗಾಗಿ ಪ್ಲೇಟನ್ನು ಕಮಾನಿನ ಮೇಲೆ ಖಾಯಂ ಕೂರಿಸಲಿಲ್ಲ. ಗಾಡಿ ಸಾಗುವಾಗ ರೆಕ್ಕೆ ನಟ್ಟಿನಿಂದ ಬಿಗಿದಿರುತ್ತದೆ, ನಿಂತಾಗ ಇಬ್ಬರು ಇಳಿಸಿ ಹೊಲದ ಬಯಲಿಗೆ ಒಯ್ಯುತ್ತೇವೆ. ತೂಕ 22 ಕಿಲೋ ಆಸುಪಾಸು, ಹೊರಲು ತ್ರಾಸಿಲ್ಲ.

ಬಯಲಿಗೆ ಒಯ್ದರೆ ವೈರು ಉದ್ದವಾಗುತ್ತದೆ, ಪ್ಲೇಟಿನ ಆಯ್ಕೆ ನಿಂತದ್ದು ಇದರ ಮೇಲೆ. 15 ಮೀಟರ್ ದೂರ ಅಂದರೆ ಹೋಗಿ ಬರುವ ವೈರು 30 ಮೀಟರ್. 4 ಚದರ ಮಿಮೀ ತಾಮ್ರದ ವೈರಿನಲ್ಲಿ ಅದು ಸುಮಾರು 0.15 ಓಮ್. 12 ವೋಲ್ಟಿನ ಲೆಕ್ಕದಲ್ಲಿ 250 ವ್ಯಾಟ್ ಸಾಗಿಸಲು 20 ಆಂಪಿಯರ್ ಹರಿಯಬೇಕು, ವೈರಿನಲ್ಲೇ 3 ವೋಲ್ಟ್ ಸತ್ತುಹೋಗುತ್ತದೆ. ನಾನು ಹಾಕಿದ್ದು ಅಂಗಡಿಯವರು 24 ವೋಲ್ಟಿನದು ಅನ್ನುವ 330 ವ್ಯಾಟಿನ ಪ್ಲೇಟು. ಬಿಸಿಯಾದಾಗಲೂ 32 ವೋಲ್ಟಿನ ಆಸುಪಾಸು ಕೊಡುತ್ತದೆ. ಅದೇ 250 ವ್ಯಾಟಿಗೆ 8 ಆಂಪಿಯರ್ ಸಾಕು, ಕಳೆದುಕೊಳ್ಳುವುದು ಒಂದು ವೋಲ್ಟು ಚಿಲ್ಲರೆ. ಇದಕ್ಕೆ ಪ್ಲೇಟಿನ ಹೆಚ್ಚಿನ ವೋಲ್ಟೇಜನ್ನು ಬ್ಯಾಟರಿಗೆ ತಕ್ಕಂತೆ ಇಳಿಸಿ ಆಂಪಿಯರ್ ಏರಿಸುವ ಎಂಪಿಪಿಟಿ ಚಾರ್ಜ್ ಕಂಟ್ರೋಲರ್ರೇ ಬೇಕು. ಅಗ್ಗದ ಪಿಡಬ್ಲ್ಯೂಎಂ ಹಾಕಿದರೆ ಅದು ಪ್ಲೇಟನ್ನು ಬ್ಯಾಟರಿಯ ವೋಲ್ಟೇಜಿಗೇ ಎಳೆದು ಕೂರಿಸುತ್ತದೆ, 330ರಲ್ಲಿ 120 ವ್ಯಾಟ್ ಸಿಕ್ಕರೆ ಪುಣ್ಯ. ಕಂಟ್ರೋಲರಿನಿಂದ ಬ್ಯಾಟರಿಗೆ ಮಾತ್ರ ಗೇಣುದ್ದದ ದಪ್ಪ ವೈರು, 10 ಚದರ ಮಿಮೀ, ಬ್ಯಾಟರಿಯ ಪ್ಲಸ್ಸಿಗೆ ಅಂಟಿಕೊಂಡಂತೆ 40 ಆಂಪಿಯರ್ ಫ್ಯೂಸು. ಜೋಡಿಸುವಾಗ ಬ್ಯಾಟರಿ ಮೊದಲು, ಪ್ಲೇಟು ಆಮೇಲೆ, ಬಿಚ್ಚುವಾಗ ತಿರುಗಾಮುರುಗಾ.

ಪ್ಲೇಟನ್ನು ದಕ್ಷಿಣಕ್ಕೆ ಓರೆ ಮಾಡಲು ಸ್ಟ್ಯಾಂಡು ಬೇಡವೇ ಎಂದು ಕೆಲವರು ಕೇಳುತ್ತಾರೆ. ಯುಗಾದಿ ಹೊತ್ತಿಗೆ ನಮ್ಮ ಕಡೆ ನಡುಹಗಲಿನ ಸೂರ್ಯ ನೆತ್ತಿಯಿಂದ ಹದಿಮೂರು-ಹದಿನಾಲ್ಕು ಡಿಗ್ರಿಯಷ್ಟೇ ವಾಲಿರುತ್ತಾನೆ. ಅಂಗಾತ ಮಲಗಿಸಿದರೂ ಮಧ್ಯಾಹ್ನ ಹೋಗುವುದು ನೂರಕ್ಕೆ ಮೂರು ಪಾಲು. ಡಿಸೆಂಬರಿನ ಜಾತ್ರೆಗಾದರೆ ಓರೆ ಬೇಕು. ಬೇಸಿಗೆಯಲ್ಲಿ ಅದಕ್ಕಿಂತ ಹೆಚ್ಚು ಕಸಿಯುವುದು ಕಾವು. ಸೆಲ್ಲಿನ ಬಿಸಿ 65 ಡಿಗ್ರಿ ಮುಟ್ಟಿದರೆ ನೂರಕ್ಕೆ ಹದಿನೈದು ಪಾಲಿನಷ್ಟು ಇಳಿಯುತ್ತದೆ. ಅದಕ್ಕೇ ಪ್ಲೇಟನ್ನು ನೆಲಕ್ಕೆ ಹಾಸದೆ ಕೆಳಗೆ ನಾಲ್ಕು ಇಟ್ಟಿಗೆ ಕೊಟ್ಟು ಗಾಳಿ ಆಡಲು ಬಿಡುತ್ತೇನೆ. ಬ್ಯಾಟರಿಗೂ ಕಾವು ಆಗದು. 25 ಡಿಗ್ರಿಯಲ್ಲಿ 14.4 ವೋಲ್ಟಿಗೆ ತುಂಬಿಸುವುದನ್ನು 40 ಡಿಗ್ರಿಯಲ್ಲಿ 14.1ಕ್ಕೆ ಇಳಿಸಬೇಕು, ಇಲ್ಲದಿದ್ದರೆ ಒಳಗಿನ ನೀರು ಗುಳ್ಳೆಯೆದ್ದು ಅನಿಲವಾಗಿ ಹಾರುತ್ತದೆ. ಆಗ ಏಳುವುದು ಕಿಡಿ ತಗುಲಿದರೆ ಹೊತ್ತಿಕೊಳ್ಳುವ ಹೈಡ್ರೋಜನ್. ಹಾಗಾಗಿ ಬ್ಯಾಟರಿ ಡಬ್ಬಿ ಟ್ರೇಲರಿನ ಮುಂದಿನ ತುದಿಗೆ, ಗ್ಯಾಸ್ ಒಲೆ ಹಿಂದಿನ ತುದಿಗೆ. ಡಬ್ಬಿಯ ಮೇಲ್ಭಾಗದಲ್ಲಿ ಗಾಳಿಕಿಂಡಿ, ಕೆಳಗೆ ಹಳೆಯ ಟಯರಿನ ರಬ್ಬರು. ಟ್ರೇಲರಿನ ಕುಲುಕಾಟ ಮನೆಯ ಬ್ಯಾಟರಿ ತಡೆಯುವಂಥದ್ದಲ್ಲ. ಬೆಳಗ್ಗೆ ಹೊರಡುವ ಮೊದಲು ಟರ್ಮಿನಲ್ ನಟ್ಟಿಗೆ ಪಾನಾ ಮುಟ್ಟಿಸುವುದು, ಮೀಟರ್ ಹಿಡಿದು ಬ್ಯಾಟರಿ 12.2 ವೋಲ್ಟಿಗಿಂತ (ಸುಮಾರು ಅರ್ಧ ಚಾರ್ಜು) ಕೆಳಗಿಲ್ಲ ಎಂದು ನೋಡುವುದು ನಿತ್ಯದ ಕೆಲಸ.

ಆಂಧ್ರದ ಆತ್ಮಕೂರು ದಾಟಿದರೆ ಲೆಕ್ಕ ಬದಲಾಗುತ್ತದೆ. ನಡೆಯುವವರು ನಲ್ಲಮಲ ಕಾಡಿನ ದಾರಿ ಹಿಡಿಯುತ್ತಾರೆ, ಟ್ರೇಲರ್ ದೋರ್ನಾಳ ಸುತ್ತಿ ಘಾಟ್ ಏರುತ್ತದೆ. ಕಾಡೊಳಗೆ ಟಾರ್ಚು, ಫೋನು ಎಲ್ಲವೂ ತುಂಬಿರಬೇಕು. ಅದಕ್ಕೆ ಮುಂಚಿನ ಬೀಡಿನಲ್ಲಿ ಮೈಕು ಬಂದ್, ಎರಡೇ ಲೈಟು. ಚೀಲದ ಕಿಸೆಗಳಲ್ಲಿ ಮೊದಲ ಪಾಳಿ ಬ್ಯಾಟರಿ ಟಾರ್ಚಿನದು, ಫೋನಿನದು ಆಮೇಲೆ. ಹುಡುಗರು ಮುಖ ಉಬ್ಬಿಸಿಕೊಳ್ಳುತ್ತಾರೆ, ನಾನು ಕೇಳಿಸಿಕೊಳ್ಳುವುದಿಲ್ಲ.